ಇಟಾಲಿಯನ್ ಕಟ್ ಅಂದರೆ ಅದಲ್ಲ ಕಣೋ

ತುಮಕೂರು

ಪ್ರೀತಿಯ ಗಂಗಾಧರ,

ಮಗನ ರಿಸೆಪ್ಷನ್‌ಗೆ ಅಂತ ನೀನು ನೋಡಿಟ್ಟಿರುವ ಸೂಟಿನ ಫೋಟೊ ವಾಟ್ಸಾಪಲ್ಲಿ ಬಂತು. ಬೇಡ. ಕೈ ಮುಗೀತೀನಿ, ಬೇಡ. ಹಿಂಭಾಗ ಮುಚ್ಚದ ಗಿಡ್ಡ ಕೋಟು, ಮೀನಖಂಡಕ್ಕೆ ಅಂಟಿಕೊಂಡ ಪ್ಯಾಂಟು, ಸಾಲದ್ದಕ್ಕೆ ಮಿರಮಿರ ಮಿಂಚೋ ಬಟ್ಟೆ. ಇಪ್ಪತ್ತೈದರ ಹುಡುಗನೇ ಅದರೊಳಗೆ ಉಸಿರು ಬಿಗಿಹಿಡಿದು ನಿಲ್ಲಬೇಕು, ಇನ್ನು ನಿನ್ನ ಹೊಟ್ಟೆ ನನಗೆ ಗೊತ್ತಿಲ್ಲದ್ದೇ? ತಿಪಟೂರಿನ ಅಂಗಡಿಯವನು 'ಇಟಾಲಿಯನ್ ಕಟ್ ಸಾರ್' ಅಂದನಂತೆ. ಇಟಲಿಯವರ ಮಾನ ಕಳೆಯೋದಕ್ಕೂ ಒಂದು ಮಿತಿ ಇರಬೇಕು.

ನನ್ನ ಹುಚ್ಚು ನಿನಗೆ ಹೊಸದಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಎಲ್ಲರೂ ಗೈಡು, ಕಾದಂಬರಿ ಹುಡುಕುತ್ತಿದ್ದರೆ ನಾನು ಧೂಳು ಹಿಡಿದ ವಿದೇಶಿ ಫ್ಯಾಷನ್ ಪತ್ರಿಕೆಗಳ ರಾಶಿ ಕೆದಕುತ್ತಿದ್ದವನು. ಇಟಲಿಯ ಡಿಸೈನರ್ ಜಾರ್ಜಿಯೊ ಅರ್ಮಾನಿ ಸಿಕ್ಕಿದ್ದು ಅಲ್ಲೇ. 2025ರ ಸೆಪ್ಟೆಂಬರ್‌ನಲ್ಲಿ, 91ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ ನಾನು ಸಪ್ಪಗೆ ಕೂತಿದ್ದು ನೋಡಿ, 'ಯಾರ್ರೀ ಹೋಗಿದ್ದು, ನಿಮ್ಮ ಆಫೀಸಿನವರಾ?' ಅಂದಳು ನನ್ನಾಕೆ.

ಡಾಕ್ಟರಾಗಲು ಹೋಗಿ ಅರ್ಧಕ್ಕೇ ಬಿಟ್ಟ ಮನುಷ್ಯ ಆತ. ಮಿಲಾನ್‌ನ ಲಾ ರಿನಾಶೆಂತೆ ಅನ್ನೋ ದೊಡ್ಡ ಮಳಿಗೆಯಲ್ಲಿ ಗಾಜಿನ ಕಿಟಕಿ ಅಲಂಕರಿಸುವ ಕೆಲಸಕ್ಕೆ ಸೇರಿದರು. ಆಮೇಲೆ ನೀನೊ ಚೆರುಟಿ ಹತ್ತಿರ ವಿನ್ಯಾಸದ ಕೆಲಸ. ಚೆರುಟಿ ಮನೆತನಕ್ಕೆ ಉಣ್ಣೆ ಬಟ್ಟೆಯ ಗಿರಣಿಯೇ ಇತ್ತು, ಬಟ್ಟೆಯ ಗುಣ ಕಲಿಯಲು ಅದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗಬೇಕು? 1975ರಲ್ಲಿ ಗೆಳೆಯ ಸೆರ್ಜಿಯೊ ಗಲಿಯೊಟ್ಟಿ ಜೊತೆ ಸ್ವಂತ ಕಂಪನಿ ತೆರೆದರು. ಬಂಡವಾಳಕ್ಕೆ ತಮ್ಮ ಫೋಕ್ಸ್‌ವ್ಯಾಗನ್ ಕಾರು ಮಾರಿದ್ದರಂತೆ.

ಅವರು ಮಾಡಿದ್ದು ಹೊಸದೇನನ್ನೋ ಸೇರಿಸೋದಲ್ಲ, ಇದ್ದದ್ದನ್ನು ತೆಗೆಯೋದು. ಇಂಗ್ಲಿಷರ ಕೋಟಿನ ಒಳಗೆ ಕ್ಯಾನ್ವಾಸು, ಭುಜಕ್ಕೆ ಪ್ಯಾಡು, ಪೂರ್ತಿ ಲೈನಿಂಗು. ಗೂಟಕ್ಕೆ ನೇತುಹಾಕಿದರೂ ಅದು ಎದೆ ಸೆಟೆಸಿಕೊಂಡೇ ಇರುತ್ತೆ, ಒಳಗೆ ಮನುಷ್ಯ ಬೇಕೇ ಇಲ್ಲ. ಅರ್ಮಾನಿ ಆ ಪ್ಯಾಡು ಕಿತ್ತರು, ಲೈನಿಂಗು ಇಳಿಸಿದರು, ಗುಂಡಿಯನ್ನೂ ಲ್ಯಾಪೆಲನ್ನೂ, ಅಂದರೆ ಎದೆ ಮೇಲೆ ಮಡಚಿಕೊಳ್ಳೋ ಪಟ್ಟಿಯನ್ನೂ, ಒಂದಿಷ್ಟು ಕೆಳಕ್ಕೆ ತಂದರು, ಕೈಯಲ್ಲಿ ಹಿಡಿದರೆ ಜಾರುವಂಥ ಮೆತ್ತನೆ ಬಟ್ಟೆ ಬಳಸಿದರು. ಕೋಟು ಮೈಮೇಲೆ ಇಳಿಬಿತ್ತು. ನಡೆದರೆ ಜೊತೆಗೆ ನಡೆಯಿತು. 1980ರ ಹಾಲಿವುಡ್ ಚಿತ್ರವೊಂದರಲ್ಲಿ ರಿಚರ್ಡ್ ಗೇರ್ ಅದನ್ನು ಹಾಕಿಕೊಂಡರು, ಎರಡೇ ವರ್ಷಕ್ಕೆ ಅರ್ಮಾನಿ ಟೈಮ್ ಪತ್ರಿಕೆಯ ಮುಖಪುಟದಲ್ಲಿದ್ದರು. ಬಣ್ಣವೋ, ಬೂದಿಯೂ ಅಲ್ಲದ ಕಂದೂ ಅಲ್ಲದ ಒಂದು ಬಣ್ಣ. ಅದಕ್ಕೆ ಫ್ಯಾಷನ್‌ನವರು ಗ್ರೇಜ್ ಅಂತಾರೆ. ನಮ್ಮ ಕಡೆಯವರು ನೋಡಿದರೆ ರಾಗಿ ಹಿಟ್ಟಿನ ಹಾಗಿದೆ ಅಂತಾರೆ, ಹಾಗೇ ಇದೆ ಕೂಡ.

ಇಷ್ಟೆಲ್ಲ ಓದಿಕೊಂಡಾಗ ನನಗೆ ನೆನಪಾಗಿದ್ದು ಮಿಲಾನ್ ಅಲ್ಲ, ನಮ್ಮ ತುಮಕೂರಿನ ಎಂ.ಜಿ. ರಸ್ತೆಯ ಆ ಮಹಡಿ ಮೇಲಿನ ಟೈಲರು. ನೀನೂ ಅಲ್ಲೇ ಬೆಲ್‌ಬಾಟಮ್ ಹೊಲಿಸಿದ್ದೆ. ಅಂಚು ರಸ್ತೆಗೆ ಉಜ್ಜಿ ಹರಿಯದಿರಲಿ ಅಂತ ಕೆಳಗೆ ಸುತ್ತಲೂ ಹಿತ್ತಾಳೆ ಜಿಪ್ ಹಾಕಿಸಿಕೊಂಡು, ಕಾಲೇಜಿನ ಕಾರಿಡಾರಲ್ಲಿ ಗೀರ್ ಗೀರ್ ಅಂತ ಸದ್ದು ಮಾಡಿಕೊಂಡು ಓಡಾಡಿದವನು ನೀನೇ ತಾನೆ. ನಮ್ಮ ಅಕ್ಕಂದಿರು ಕಲ್ಪನಾ ಉಟ್ಟ ಸೀರೆ, ತೊಟ್ಟ ಬಳೆ ನೋಡೋದಕ್ಕೇ ಟಾಕೀಸಿಗೆ ಹೋಗಿ ಬರೋರು. ಮದುವೆ ಗಂಡಿಗೆ ಮಾವನ ಮನೆಯಿಂದ ಸೂಟಿನ ಬಟ್ಟೆ, ಎಚ್‌ಎಂಟಿ ವಾಚು. ವಾಚಿನ ಕಾರ್ಖಾನೆಯೇ ನಮ್ಮೂರಲ್ಲಿತ್ತು ಅನ್ನೋ ಜಂಬ ಬೇರೆ.

ಆ ಟೈಲರಿಗೆ ಅರ್ಮಾನಿ ಹೆಸರು ಗೊತ್ತಿರಲಿಲ್ಲ. ಆದರೆ ಅಳತೆ ತೆಗೆಯುವಾಗ ಟೇಪು ಮುಟ್ಟುವ ಮೊದಲು ನಮ್ಮನ್ನು ಸುಮ್ಮನೆ ನಿಲ್ಲಿಸಿ ಪಕ್ಕದಿಂದ ನೋಡೋರು. 'ಸೆಟೆದು ನಿಲ್ಲಬೇಡ, ದಿನಾ ಹೇಗೆ ನಿಲ್ತೀಯೋ ಹಾಗೆ ನಿಲ್ಲು' ಅನ್ನೋರು. ಆಮೇಲೆ ಅಳತೆ ಪುಸ್ತಕದಲ್ಲಿ ಇಂಚುಗಳ ಪಕ್ಕ ಸಣ್ಣಕ್ಷರದಲ್ಲಿ 'ಬಲ ಭುಜ ಇಳಿ' ಅಂತ ಬರೆದುಕೊಳ್ಳೋರು. ನನ್ನ ಬಲ ಭುಜ ಒಂದು ಬೆರಳಷ್ಟು ತಗ್ಗು ಅಂತ ಮನೆಯವರಿಗೇ ಗೊತ್ತಿರಲಿಲ್ಲ. ಟ್ರಯಲ್‌ಗೆ ಹೋದರೆ ಕೋಟಿಗೆ ಒಂದೇ ತೋಳು, ಅದೂ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ. ತೋಳು ಎತ್ತಿಸಿ, ಇಳಿಸಿ, ಬೆನ್ನ ಮೇಲೆ ಅಂಗೈ ಸವರಿ, ಎಲ್ಲಿ ನೆರಿಗೆ ಎದ್ದಿದೆಯೋ ಅಲ್ಲಿ ಚಾಕಲ್ಲಿ ಒಂದು ಗೀರು. ಹಲ್ಲಲ್ಲಿ ಕಚ್ಚಿಕೊಂಡ ಗುಂಡುಪಿನ್ನು ತೆಗೆಯದೇ ಮಾತಾಡೋರು, ಅರ್ಥ ಮಾಡಿಕೊಳ್ಳೋದು ನಮ್ಮ ಹಣೆಬರಹ. ಡಿಸೈನರ್ ಅಂದರೆ ಇನ್ನೇನು ಹೇಳು? ಬೆಲೆಪಟ್ಟಿಯಲ್ಲಿ ಸೊನ್ನೆಗಳು ಜಾಸ್ತಿ ಇರೋದೇ?

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳೋನಲ್ಲ. ನಾಯಿ ಕಿವಿಯಂಥ ಆ ಕಾಲರ್‌ಗಳು ಮತ್ತೆ ಬಾರದಿದ್ದರೆ ಒಳ್ಳೇದು. ಆಗ ನಾವು ಹಾಕುತ್ತಿದ್ದ ಟೆರಿಕಾಟ್ ಅಂದರೆ ಸಾಮಾನ್ಯವಾಗಿ 67 ಪಾಲು ಪಾಲಿಯೆಸ್ಟರ್, 33 ಪಾಲು ಹತ್ತಿ. ಹತ್ತಿ ತನ್ನ ತೂಕದ ಶೇ 8ರಷ್ಟು ತೇವ ಹಿಡಿದುಕೊಂಡರೆ ಪಾಲಿಯೆಸ್ಟರ್ ಹಿಡಿಯೋದು ಶೇ 0.4. ಬೆವರು ಬೆನ್ನ ಮೇಲೇ ನಿಲ್ಲುತ್ತಿತ್ತು ಅನ್ನೋದಕ್ಕೆ ಲೆಕ್ಕ ಬೇಕಿಲ್ಲ ಬಿಡು, ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ಬರೆದೋರು ನಾವು. ಸಫಾರಿಯ ಮೇಲೆ ಮಾತ್ರ ನನಗೆ ಈಗಲೂ ಪ್ರೀತಿ. 1968ರಲ್ಲಿ ಡಿಸೈನರ್ ಈವ್ ಸ್ಯಾಂ ಲೊರಾಂ ಪ್ಯಾರಿಸ್ಸಿನಲ್ಲಿ ಸಫಾರಿ ಜಾಕೆಟ್ಟನ್ನು ಹೆಂಗಸರಿಗೆ ತೊಡಿಸಿ ಹೆಸರು ಮಾಡಿದರು. ನಮ್ಮಲ್ಲಿ ಅದು ಕಂಟ್ರಾಕ್ಟರುಗಳ ಸಮವಸ್ತ್ರವಾಗಿ, ಕೊನೆಗೆ ಸೆಕ್ಯುರಿಟಿಯವರ ಪಾಲಾಯಿತು. ನಾಲ್ಕು ಜೇಬಿನ ಅಷ್ಟು ಚೆಂದದ ಉಡುಪಿಗೆ ಆ ಗತಿ ಬರಬಾರದಿತ್ತು.

ಸರಿ, ನಿನ್ನ ಸೂಟು. ಆ ರೆಡಿಮೇಡ್ ಕೋಟಿನ ಎದೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ನೋಡು. ಒಳಗಿನ ಪದರ ಬೇರೆಯಾಗಿ ಜಾರದೆ ರಟ್ಟಿನ ಥರ ಒಟ್ಟಿಗೇ ಬಂದರೆ ಅದು ಫ್ಯೂಸಿಂಗ್, ಅಂದರೆ ಅಂಟು ಹಾಕಿ ಇಸ್ತ್ರಿಯಲ್ಲಿ ಕೂರಿಸಿದ್ದು. ಅಗ್ಗದ್ದಾದರೆ ಡ್ರೈಕ್ಲೀನಿಂಗ್‌ಗೆ ಹೋಗಿ ಬಂದು ಬಂದು ಎದೆ ಮೇಲೆ ಗುಳ್ಳೆ ಏಳುತ್ತೆ. ಅದಕ್ಕೆ ಕೊಡೋ ದುಡ್ಡಲ್ಲಿ ತೆಳು ಉಣ್ಣೆಯ ಸೂಟಿಂಗ್ ತಗೋ, ಮೂರೂಕಾಲು ಮೀಟರ್ ಸಾಕು. ಉಣ್ಣೆ ಅಂದರೆ ಸೆಕೆ ಅಂತ ಹೆದರಬೇಡ, ತೆಳು ನೇಯ್ಗೆಯದಾದರೆ ಗಾಳಿ ಆಡುತ್ತೆ. ಲಿನನ್ ಬೇಡ, ನೀನು ಚೌಲ್ಟ್ರಿಗೆ ಬರೋ ಹೊತ್ತಿಗೆ ಕಾರಲ್ಲಿ ಮುದುಡಿರುತ್ತೆ. ಬಣ್ಣ ರಾಗಿ ಹಿಟ್ಟಿಂದೇ ಇರಲಿ. ಪ್ಯಾಂಟಿಗೆ ಪ್ಲೀಟ್ ಇಡಿಸು, ಸೊಂಟಕ್ಕೆ ಕಟ್ಟು, ಹೊಟ್ಟೆ ಕೆಳಗೆ ಅಲ್ಲ. ಭುಜಕ್ಕೆ ಪ್ಯಾಡ್ ಬೇಡ ಅಂತ ನಾನೇ ಹೇಳ್ತೀನಿ.

ಆ ಮಹಡಿ ಈಗ ಮೊಬೈಲ್ ಅಂಗಡಿ. ಟೈಲರ ಮಗ ಹಿಂದಿನ ಗಲ್ಲಿಯಲ್ಲಿ ಕೂರುತ್ತಾನೆ. ಬರೋದೆಲ್ಲ ಜೀನ್ಸ್ ಉದ್ದ ಕತ್ತರಿಸೋ ಕೆಲಸವೇ ಆದರೂ ಕೋಟಿನ ಕೈ ಇನ್ನೂ ಕೆಟ್ಟಿಲ್ಲ. ಅವನ ಹತ್ತಿರ ಮಾತಾಡಿದ್ದೀನಿ, ಎರಡು ಟ್ರಯಲ್ ಬೇಕು ಅಂದಿದ್ದಾನೆ, ಅಂದರೆ ನೀನು ಮೂರು ಸಲ ಬರಬೇಕು. ಗೊಣಗಬೇಡ, ತಿಪಟೂರಿಂದ ಟ್ರೈನಿದೆ. ಮಗನ ಶೆರ್ವಾನಿ ವಿಷಯಕ್ಕೆ ನಾನು ಬರೋದಿಲ್ಲ, ಅವನ ಮದುವೆ, ಅವನಿಷ್ಟ.

ಭಾನುವಾರ ಬೆಳಗ್ಗೆ ಹತ್ತರೊಳಗೆ ಬಾ, ಆಮೇಲೆ ಅವನು ಬಾಗಿಲು ಹಾಕುತ್ತಾನೆ. ಮದುವೆಗೆ ಹಾಕಿಕೊಳ್ಳೋ ಶೂಸ್ ಮರೀದೇ ತಗೊಂಡು ಬಾ. ಚಪ್ಪಲಿಯಲ್ಲಿ ಬಂದರೆ ಪ್ಯಾಂಟಿನ ಉದ್ದ ಹಿಡಿಯೋದೇ ಇಲ್ಲ ಅಂತಾನೆ, ಅಪ್ಪನ ಹಾಗೇ.

ನಿನ್ನ,
ಸಿದ್ದೇಶ