ಪಟ್ಟಿಯಲ್ಲಿ ಪ್ರಮಾಣವೂ ಇರಲಿ

ಮಾನ್ಯ ಸಂಪಾದಕರೇ,

ನೆರೆ, ಚಂಡಮಾರುತ, ಬರ, ದಿನಗಟ್ಟಲೆ ಕರೆಂಟ್ ಇಲ್ಲದಿರುವುದು – ಇಂಥ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ, ಮೊಬೈಲುಗಳಲ್ಲಿ ‘ಮನೆಯಲ್ಲಿ ಇವು ಇರಲಿ’ ಎಂಬ ಪಟ್ಟಿಗಳು ಹರಿದಾಡುತ್ತವೆ. ಟಾರ್ಚು, ನೀರು, ಔಷಧ, ಪವರ್ ಬ್ಯಾಂಕ್, ಒಣ ಆಹಾರ. ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಒಬ್ಬರಿಗೆ ಎಷ್ಟು ಬೇಕು, ಇಟ್ಟದ್ದು ಎಷ್ಟು ಕಾಲ ಬಾಳುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದೊಂದೂ ಇರುವುದಿಲ್ಲ. ‘ನೀರು’ ಎಂದಷ್ಟೇ ಓದಿದವರು ನಾಲ್ಕು ಬಾಟಲಿ ತುಂಬಿಸಿಟ್ಟು ಸುಮ್ಮನಾಗುತ್ತಾರೆ. ಮುಂದೆ ಇಂಥ ಪಟ್ಟಿ ಅಚ್ಚು ಹಾಕುವಾಗ ಪ್ರತಿ ವಸ್ತುವಿನ ಎದುರು ಪ್ರಮಾಣಕ್ಕೊಂದು, ಬದಲಿಸುವ ಅವಧಿಗೊಂದು ಕಾಲಂ ಸೇರಿಸಬೇಕೆಂದು ಕೋರುತ್ತೇವೆ. ಅದಕ್ಕೆ ಒದಗುವ ಕೆಲವು ಲೆಕ್ಕಗಳು ಇಲ್ಲಿವೆ. ಹೆಚ್ಚಿನವು ನೀರಿನವೇ, ಊಟವಿಲ್ಲದೆ ಕೆಲವು ದಿನ ತಳ್ಳಬಹುದು, ನೀರಿನ ವಿಷಯದಲ್ಲಿ ಆ ಸಲಿಗೆ ಇಲ್ಲ.

ಕುಡಿಯುವುದಕ್ಕೆ ಮತ್ತು ಊಟದ ಜೊತೆಗಿನ ಬಳಕೆಗೆ ಒಬ್ಬರಿಗೆ ದಿನಕ್ಕೆ 3 ಲೀಟರ್ ಹಿಡಿಯಬೇಕು. ಅಡುಗೆ, ಪಾತ್ರೆ, ಕೈಕಾಲು ತೊಳೆಯುವುದು ಸೇರಿದರೆ 15 ಲೀಟರ್. ನಿರಾಶ್ರಿತರ ಶಿಬಿರಗಳಲ್ಲಿ ನೆರವಿನ ಸಂಸ್ಥೆಗಳು ಇಟ್ಟುಕೊಳ್ಳುವ ಕನಿಷ್ಠ ಮಟ್ಟವೂ ಇದೇ. ನಾಲ್ವರಿರುವ ಮನೆಗೆ ಮೂರು ದಿನಕ್ಕೆ ಕುಡಿಯಲು 36 ಲೀಟರ್, ಎಲ್ಲ ಸೇರಿ 180 ಲೀಟರ್. ಒಂದು ಲೀಟರ್ ಒಂದು ಕಿಲೋ ತೂಗುತ್ತದೆ ಎಂಬುದನ್ನು ಮರೆತು 200 ಲೀಟರ್ ಡ್ರಮ್ಮನ್ನು ಅಟ್ಟದ ಮೇಲೆ ತುಂಬಿಸುವವರಿದ್ದಾರೆ. ತುಂಬಿದ ಮೇಲೆ ಅದು ಕದಲುವುದಿಲ್ಲ, ಅಟ್ಟ ತಡೆಯುತ್ತದೆಂಬ ಭರವಸೆಯೂ ಇಲ್ಲ. ಬಳಕೆಯ ನೀರಿಗೆ ನೆಲದ ಮೇಲಿನ ಡ್ರಮ್ಮು, ಕುಡಿಯುವುದಕ್ಕೆ 10 ಅಥವಾ 20 ಲೀಟರಿನ ಕ್ಯಾನು ಎಂದು ಬೇರೆ ಮಾಡಿದರೆ, ಮನೆ ಬಿಟ್ಟು ಹೊರಡುವಾಗ ಕ್ಯಾನನ್ನಾದರೂ ಎತ್ತಿಕೊಳ್ಳಬಹುದು. ಕ್ಯಾನಿನ ಬಾಯಿ ಚಿಕ್ಕದಿರಬೇಕು, ನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಶುದ್ಧ ಮಾಡಿಟ್ಟ ನೀರು ಮತ್ತೆ ಕೆಡುವುದು ಬಹುಪಾಲು ಲೋಟ ಅದ್ದುವ ಕೈಯಿಂದಲೇ. ಕೀಟನಾಶಕ, ಬಣ್ಣ, ಎಣ್ಣೆ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಬಾರದು. ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ. ಮನೆಯಲ್ಲಿ ತುಂಬಿಸಿದ ನೀರನ್ನು ಆರು ತಿಂಗಳಿಗೊಮ್ಮೆ ಬದಲಿಸಿ, ತುಂಬಿದ ತಾರೀಕನ್ನು ಕ್ಯಾನಿನ ಮೇಲೆಯೇ ಬರೆಯಿರಿ.

ಸಂಗ್ರಹ ಮುಗಿದ ಮೇಲೆ ಸಿಕ್ಕ ನೀರನ್ನೇ ಕುಡಿಯುವಂತೆ ಮಾಡಿಕೊಳ್ಳಬೇಕು. ಕುದಿಸುವುದು ಎಲ್ಲಕ್ಕಿಂತ ನಂಬಿಕೆಯ ದಾರಿ: ತಳದಿಂದ ಗುಳ್ಳೆ ಉಕ್ಕಿ ಬರುವಂತೆ ಒಂದು ನಿಮಿಷ, ಸಮುದ್ರಮಟ್ಟದಿಂದ 2,000 ಮೀಟರ್ ಮೇಲಿನ ಜಾಗದಲ್ಲಿ ಮೂರು ನಿಮಿಷ. ಇಪ್ಪತ್ತು ನಿಮಿಷ ಕುದಿಸಬೇಕೆಂಬ ಹಳೆಯ ಮಾತಿನಿಂದ ಗ್ಯಾಸು ಖರ್ಚಾಗುವುದೇ ಹೊರತು ಹೆಚ್ಚಿನ ಲಾಭವಿಲ್ಲ. ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್‌ನಂಥವು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಏರುತ್ತದೆ. ಪೆಟ್ರೋಲ್ ವಾಸನೆ ಬರುವ ನೆರೆ ನೀರನ್ನು ಯಾವ ಮನೆಮಟ್ಟದ ಉಪಾಯದಿಂದಲೂ ಕುಡಿಯುವಂತೆ ಮಾಡಲಾಗದು.

ಉರುವಲು ಕಡಿಮೆ ಇರುವಾಗ ಕ್ಲೋರಿನ್ನೇ ಗತಿ. ಪಟ್ಟಿಗಳು ‘ಬ್ಲೀಚಿಂಗ್ ಪೌಡರ್ ಹಾಕಿ’ ಎಂದು ನಿಲ್ಲುವುದು ಇಲ್ಲೇ. ಒಂದು ಚಮಚ ನೇರವಾಗಿ ಬಿಂದಿಗೆಗೆ ಹಾಕಿದರೆ ಒಂದು ಕಡೆ ಗಂಟಲು ಉರಿಯುವಷ್ಟು, ಇನ್ನೊಂದು ಕಡೆ ಏನೂ ಇಲ್ಲ ಎಂಬಂತಾಗುತ್ತದೆ. ಮೊದಲು ಶೇ 1ರ ದ್ರಾವಣ ಮಾಡಿಕೊಳ್ಳಬೇಕು. ಪೌಡರಿನಲ್ಲಿ ಶೇ 30 ಕ್ಲೋರಿನ್ ಇದ್ದರೆ 33 ಗ್ರಾಂ, ಶೇ 25 ಇದ್ದರೆ 40 ಗ್ರಾಂ. ಅದನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಆಮೇಲೆ ನೀರು ಸೇರಿಸುತ್ತ ಒಂದು ಲೀಟರ್ ಮಾಡಿ. ಬಿಳಿ ಗಸಿ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬೆಳಕು ತೂರದ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿಕೊಳ್ಳಿ. ಗಸಿ ಸುಣ್ಣ, ಅದು ಬೇಡ. ಲೋಹದ ಪಾತ್ರೆ ಬಳಸಿದರೆ ಕ್ಲೋರಿನ್ ಅದನ್ನೂ ತಿಂದು ತಾನೂ ಸತ್ವ ಕಳೆದುಕೊಳ್ಳುತ್ತದೆ. ಈ ದ್ರಾವಣವನ್ನು ವಾರದ ಮೇಲೆ ಇಡಬೇಡಿ, ಹೊಸದು ಮಾಡಿಕೊಳ್ಳಿ.

ಇದರ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ತಿಳಿನೀರಿಗೆ ಲೀಟರಿಗೆ 2 ಮಿಲಿಗ್ರಾಂ ಸಾಕು, ಅಂದರೆ 20 ಲೀಟರ್ ಕ್ಯಾನಿಗೆ 4 ಮಿಲಿ. ನೀರು ಮಬ್ಬಾಗಿದ್ದರೆ 8 ಮಿಲಿ. ಸೂಜಿ ತೆಗೆದ 5 ಮಿಲಿ ಸಿರಿಂಜಿನಲ್ಲಿ ಅಳೆದರೆ ಅಂದಾಜಿನ ಗೊಡವೆಯೇ ಇಲ್ಲ. ಕಲಕಿ, ಮುಚ್ಚಿ, 30 ನಿಮಿಷ ಬಿಡಿ. ಆಮೇಲೆ ಮುಚ್ಚಳ ತೆಗೆದಾಗ ಸಣ್ಣಗೆ ಕ್ಲೋರಿನ್ ವಾಸನೆ ಬರಬೇಕು. ಬರದಿದ್ದರೆ ಹಾಕಿದ್ದನ್ನೆಲ್ಲ ಕೊಳೆಯೇ ನುಂಗಿದೆ ಎಂದು ಅರ್ಥ; ಅಷ್ಟೇ ಪ್ರಮಾಣ ಮತ್ತೊಮ್ಮೆ ಹಾಕಿ ಇನ್ನೂ 15 ನಿಮಿಷ ಕಾಯಿರಿ. ಆಗಲೂ ವಾಸನೆ ಇಲ್ಲದಿದ್ದರೆ ಆ ನೀರು ಬಿಟ್ಟುಬಿಡಿ. ಕ್ಲೋರಿನ್ ಅಳೆಯುವ ಪರೀಕ್ಷಾ ಕಾಗದದ ಪಟ್ಟಿ ಇದ್ದರೆ ನೋಡಿ, ಅರ್ಧ ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು.

ಮೋಸ ಹೋಗುವುದು ಹೆಚ್ಚಾಗಿ ಪೌಡರಿನ ಹಳೆತನದಿಂದ. ಬಾಯಿ ತೆರೆದ ಪೊಟ್ಟಣ ತೇವ ಎಳೆದು ಗಡ್ಡೆಕಟ್ಟಿ ತಿಂಗಳುಗಳಲ್ಲೇ ಸತ್ವಹೀನವಾಗುತ್ತದೆ, ಆದರೆ ನೋಡಲು ಬಿಳಿಯಾಗಿಯೇ ಇರುತ್ತದೆ. ಅದರ ಮೂಗಿಗೆ ಬಡಿಯುವ ವಾಸನೆ ಕುಂದಿದ್ದರೆ ಕುಡಿಯುವ ನೀರಿಗೆ ನಂಬಬೇಡಿ. ಇನ್ನೊಂದು ಮಿತಿಯೂ ಇದೆ: ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಈ ಪ್ರಮಾಣದ ಕ್ಲೋರಿನ್ನಿಗೆ ಜಗ್ಗುವುದಿಲ್ಲ. ಎಳೆಮಕ್ಕಳು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಅವರ ಪಾಲಿನ ನೀರನ್ನು ಕುದಿಸಿಯೇ ಕೊಡಬೇಕು. ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆ್ಯಸಿಡ್ ಪಕ್ಕದಲ್ಲಿ ಇಡುವುದಂತೂ ಬೇಡವೇ ಬೇಡ. ಎರಡೂ ಬೆರೆತರೆ ಹೊರಡುವುದು ಕ್ಲೋರಿನ್ ಅನಿಲ.

ಮಣ್ಣು ಬೆರೆತ ನೀರಿಗೆ ಕ್ಲೋರಿನ್ ಹಾಕುವ ಮುನ್ನ ಅದನ್ನು ತಿಳಿಯಾಗಿಸಿ. ಒಂದು ರಾತ್ರಿ ಇಳಿಯಬಿಟ್ಟು, ಹಳೆಯ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಬೇಕು. ಒಗೆದು ಒಗೆದು ನೂಲು ಉಬ್ಬಿದ ಬಟ್ಟೆಯ ರಂಧ್ರಗಳು ಸಣ್ಣವಾಗಿರುತ್ತವೆ, ಹಾಗಾಗಿ ಹೊಸ ಬಟ್ಟೆಗಿಂತ ಹಳೆಯದೇ ಮೇಲು.

ಕ್ಲೋರಿನ್ನೂ ಇಲ್ಲ, ಉರುವಲೂ ಇಲ್ಲ ಎಂದಾದರೆ ಬಿಸಿಲಿದೆ. ಬಣ್ಣವಿಲ್ಲದ, ಗೀರು ಬೀಳದ, 2 ಲೀಟರ್ ಮೀರದ ಪೆಟ್ (ತಂಪುಪಾನೀಯದ ಪ್ಲಾಸ್ಟಿಕ್) ಬಾಟಲಿಗೆ ನೀರು ತುಂಬಿ ಅಡ್ಡಲಾಗಿ ಮಲಗಿಸಿ 6 ಗಂಟೆ ನೇರ ಬಿಸಿಲಿನಲ್ಲಿಡಬೇಕು. ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ಪೂರ್ತಿ ದಿನ. ಎಡೆಬಿಡದೆ ಮಳೆಯಾದರೆ ಈ ಉಪಾಯ ನಡೆಯದು. ಇದಕ್ಕೊಂದು ಪರೀಕ್ಷೆಯುಂಟು, ನಿಮ್ಮ ಪತ್ರಿಕೆಯೇ ಸಾಧನ: ತುಂಬಿದ ಬಾಟಲಿಯನ್ನು ತಲೆಬರಹದ ಮೇಲೆ ನೆಟ್ಟಗೆ ನಿಲ್ಲಿಸಿ ಬಾಯಿಯಿಂದ ಕೆಳಕ್ಕೆ ನೋಡಿದಾಗ ದಪ್ಪಕ್ಷರ ಓದಲು ಬಂದರೆ ನೀರು ಸಾಕಷ್ಟು ತಿಳಿಯಿದೆ. ಬಾರದಿದ್ದರೆ ಮತ್ತೆ ಸೋಸಬೇಕು.

ಗೋಡೆಗೆ ತೂಗುಹಾಕಿದ ಆರ್‌ಒ, ಯುವಿ ಯಂತ್ರಗಳ ಮೇಲೆ ಭಾರ ಹಾಕುವವರಿಗೆ ಒಂದು ಮಾತು. ಕರೆಂಟ್ ಹೋದರೆ ಅವು ಬರೀ ಡಬ್ಬಿ. ನೀರು ಸೋಸುವ ಪಿಂಗಾಣಿ ಕ್ಯಾಂಡಲ್ ಇರುವ ಹಳೆಯ ಮಾದರಿಯ ಎರಡು ಅಂತಸ್ತಿನ ಫಿಲ್ಟರಿಗೆ ಕರೆಂಟ್ ಬೇಡ. ಆದರೆ ಅದು ವೈರಸ್ಸುಗಳನ್ನು ಪೂರ್ತಿ ತಡೆಯದ್ದರಿಂದ ಸೋಸಿದ ನೀರಿಗೂ ಕ್ಲೋರಿನ್ ಬೇಕು.

ನೆರೆಯ ಮುನ್ಸೂಚನೆ ಬಂದ ಕೂಡಲೇ ಸಂಪಿನಿಂದ ಮೇಲಿನ ಟ್ಯಾಂಕನ್ನು ತುಂಬಿಸಿ, ಪಂಪಿನ ಸ್ವಿಚ್ ಆರಿಸಿ, ಆಟೋಮ್ಯಾಟಿಕ್ ಇದ್ದರೆ ಅದನ್ನೂ ನಿಲ್ಲಿಸಿ. ಸಂಪಿಗೆ ಚರಂಡಿ ನೀರು ನುಗ್ಗಿದ ಮೇಲೆ ಪಂಪು ತಾನಾಗಿ ಓಡಿದರೆ ಮೇಲಿದ್ದ ಒಳ್ಳೆಯ ನೀರೂ ಹೋಯಿತು. ನೀರು ಇಳಿದ ಮೇಲೆ ಸಂಪನ್ನು ಬರಿದು ಮಾಡಿ, ಉಜ್ಜಿ, ಮತ್ತೆ ತುಂಬಿಸಿ, ಪ್ರತಿ 1,000 ಲೀಟರಿಗೆ ಮೇಲೆ ಹೇಳಿದ ದ್ರಾವಣ 5 ಲೀಟರ್ ಹಾಕಿ 24 ಗಂಟೆ ಬಿಟ್ಟು ಆ ನೀರನ್ನು ಹೊರಗೆ ಚೆಲ್ಲಬೇಕು. ಮುಚ್ಚಿದ್ದ ಸಂಪಿಗೆ ಒಬ್ಬರೇ ಇಳಿಯಬಾರದು; ಆಮ್ಲಜನಕವಿಲ್ಲದೆ ಒಳಗೆ ಬಿದ್ದವರನ್ನು ಎತ್ತಲು ಹೋದವರೂ ಸಾಯುತ್ತಾರೆ.

ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣವೇ ಮೊದಲ ಆಯ್ಕೆ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುತ್ತದೆ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ.

ಇನ್ನು ಕರೆಂಟ್. ಪವರ್ ಬ್ಯಾಂಕಿನ ಮೇಲೆ 20,000 ಎಂಎಎಚ್ ಎಂದು ಬರೆದಿರುತ್ತದೆ, ಫೋನಿನದು 5,000. ಹಾಗಾದರೆ ನಾಲ್ಕು ಸಲ ತುಂಬುತ್ತದೆ ಎಂಬುದು ಎಲ್ಲರ ಲೆಕ್ಕ. ಆ 20,000 ಎಂಬುದು ಒಳಗಿನ 3.7 ವೋಲ್ಟ್ ಸೆಲ್ಲಿನದು, ಅಂದರೆ 74 ವ್ಯಾಟ್-ಅವರ್ (ಒಂದು ವ್ಯಾಟಿನ ಉಪಕರಣ ಒಂದು ಗಂಟೆಗೆ ಹೀರುವಷ್ಟು ವಿದ್ಯುತ್ತೇ ಒಂದು ವ್ಯಾಟ್-ಅವರ್). ವೋಲ್ಟೇಜ್ ಏರಿಸುವುದರಲ್ಲಿ, ಶಾಖದಲ್ಲಿ ಕಾಲು ಭಾಗದಿಂದ ಮೂರನೇ ಒಂದರಷ್ಟು ಕಳೆದುಹೋಗುತ್ತದೆ. ಫೋನು ಒಂದು ಸಲಕ್ಕೆ ಸುಮಾರು 19 ವ್ಯಾಟ್-ಅವರ್ ಕೇಳುತ್ತದೆ. ಮೂರು ಸಲ ತುಂಬಿದರೆ ಅದೃಷ್ಟ.

ಇನ್ವರ್ಟರಿನ ಕಥೆಯೂ ಹೀಗೆಯೇ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಲೆಡ್-ಆ್ಯಸಿಡ್ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಹೀರಬಾರದು. ಇನ್ವರ್ಟರಿನ ನಷ್ಟವನ್ನೂ ಕಳೆದರೆ ಕೈಗೆ ಬರುವುದು 750ರ ಆಸುಪಾಸು. ಎರಡು ಹಳೆಯ ಫ್ಯಾನು 150 ವ್ಯಾಟ್, ನಾಲ್ಕು ಎಲ್‌ಇಡಿ 36, ರೌಟರ್ 10 – ನಾಲ್ಕು ಗಂಟೆಯೊಳಗೆ ಮುಗಿಯಿತು. ಅದೇ ಫ್ಯಾನುಗಳು ತಲಾ 30 ವ್ಯಾಟಿನ, ಕಡಿಮೆ ವಿದ್ಯುತ್ ಹೀರುವ ಮೋಟಾರಿನ ಬಿಎಲ್‌ಡಿಸಿ ಆದರೆ ಏಳು ಗಂಟೆ. ಇನ್ನೊಂದು ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸುವುದು ಜಾಣತನ ಎಂದು ನಮ್ಮ ಅಭಿಪ್ರಾಯ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ನಲ್ಲಿ ನೀರು ಹಾಕಬಾರದು. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ.

ಜನರೇಟರನ್ನು ಮನೆಯೊಳಗೆ, ವರಾಂಡದಲ್ಲಿ, ಕಿಟಕಿಯ ಕೆಳಗೆ ಓಡಿಸಬೇಡಿ. ಕನಿಷ್ಠ 6 ಮೀಟರ್ ದೂರವಿರಲಿ, ಹೊಗೆಕೊಳವೆ ಮನೆಯಿಂದ ಆಚೆಗೆ ತಿರುಗಿರಲಿ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗುವುದೂ ಅಷ್ಟೇ ಮಾರಕ. ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಿದರೆ ಕರೆಂಟ್ ಬೀದಿಯ ತಂತಿಗೆ ಹಿಮ್ಮುಖವಾಗಿ ಹರಿದು, ರಿಪೇರಿಗೆ ಕಂಬ ಹತ್ತಿದ ಲೈನ್‌ಮ್ಯಾನ್ ಸಾಯಬಹುದು. ಬೀದಿಯ ತಂತಿಯಿಂದ ಮನೆಯನ್ನು ಬೇರ್ಪಡಿಸಿ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಅದನ್ನು ಸೇರಿಸಲೇಬಾರದು.

ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹೇಳುವವರು ಬೇಕಾದಷ್ಟಿದ್ದಾರೆ. ವಯಸ್ಕರಿಗೆ ದಿನಕ್ಕೆ 2,100 ಕ್ಯಾಲೊರಿ ಎಂದು ಹಿಡಿದರೆ 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ ಮುಖ್ಯ ಭಾಗವಾಗುತ್ತವೆ. ನಾಲ್ವರಿಗೆ ಹದಿನಾಲ್ಕು ದಿನಕ್ಕೆ 22.4 ಕಿಲೋ, 3.4 ಕಿಲೋ, 1.4 ಕಿಲೋ. ನಿತ್ಯ ತಿನ್ನುವುದನ್ನೇ ಇಟ್ಟು ಹಳೆಯದನ್ನು ಮೊದಲು ಬಳಸಿದರೆ ಬೇರೆ ದಾಸ್ತಾನು ಬೇಡ. ಧಾನ್ಯ ಒಣಗಿರದಿದ್ದರೆ ಗಾಳಿಯಾಡದ ಡಬ್ಬಿಯೇ ಅದಕ್ಕೆ ಶತ್ರು, ಒಳಗೇ ಬೂಷ್ಟು ಹಿಡಿಯುತ್ತದೆ. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆರೆಯದಿದ್ದರೆ ಒಳಗಿನದು 4 ಗಂಟೆ ತಡೆಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ.

ನಿತ್ಯದ ಔಷಧ ಎರಡು ವಾರಕ್ಕಾಗುವಷ್ಟು ಹೆಚ್ಚುವರಿ ಇರಲಿ. ಇನ್ಸುಲಿನ್ ಇಡುವವರು ಗಮನಿಸಬೇಕು: ಬಿಸಿಗಿಂತಲೂ ಹೆಪ್ಪುಗಟ್ಟುವುದು ಕೆಟ್ಟದ್ದು, ಆದ್ದರಿಂದ ಬಾಟಲಿಯನ್ನು ಮಂಜುಗಡ್ಡೆಗೆ ತಾಗಿಸಬೇಡಿ. ತೆರೆದ ಮೇಲೆ ಕೋಣೆಯ ಉಷ್ಣತೆಯಲ್ಲಿ ಎಷ್ಟು ದಿನ ಬಾಳುತ್ತದೆಂಬುದು ಅದರ ಜೊತೆಗಿನ ಚೀಟಿಯಲ್ಲಿರುತ್ತದೆ. ಮುಖ್ಯ ಕಾಗದಪತ್ರಗಳ ಪ್ರತಿ, ಬೇಕಾದವರ ಫೋನ್ ನಂಬರು, ಚಿಲ್ಲರೆ ನೋಟುಗಳು ನೀರು ಇಳಿಯದ ಒಂದೇ ಚೀಲದಲ್ಲಿರಬೇಕು. ಟಾರ್ಚಿನೊಳಗೆ ಬ್ಯಾಟರಿ ಬಿಟ್ಟರೆ ಸೋರಿ ತುಕ್ಕು ಹಿಡಿಯುತ್ತದೆ. ಹೊರಗೆ ತೆಗೆದು ಪಕ್ಕದಲ್ಲೇ ಇಡಿ.

ಬಳಕೆಯ ಈ ಅಂಕಿಗಳು ಅಂದಾಜಿನವು, ನಿಮ್ಮ ಮನೆಯದನ್ನು ನೀವೇ ಅಳೆದು ನೋಡಬೇಕು. ರಜೆಯ ದಿನ ಸಂಜೆ ಆರರಿಂದ ಮರುದಿನ ಸಂಜೆ ಆರರವರೆಗೆ ಮನೆಯ ಮುಖ್ಯ ವಾಲ್ವನ್ನೂ ಮೇನ್ ಸ್ವಿಚ್ಚನ್ನೂ ಬಂದ್ ಮಾಡಿ ಇಟ್ಟ ಸಾಮಾನಿನಲ್ಲೇ ಕಳೆಯಿರಿ. ಫ್ರಿಜ್ಜನ್ನು ಅದಕ್ಕೆ ಮೊದಲು ಖಾಲಿ ಮಾಡಿರಬೇಕು; ವೈದ್ಯಕೀಯ ಉಪಕರಣ ನಡೆಯುವ ಮನೆಯಲ್ಲಿ ಇದನ್ನು ಮಾಡಬಾರದು. ಖರ್ಚಾದ ನೀರನ್ನು ಬಕೆಟ್ ಲೆಕ್ಕದಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಶೌಚಾಲಯದ ಫ್ಲಶ್ ಒಂದೇ ಸಲಕ್ಕೆ 6ರಿಂದ 10 ಲೀಟರ್ ನುಂಗುವುದು ಆಗ ಕಣ್ಣಿಗೆ ಬೀಳುತ್ತದೆ, ಪಾತ್ರೆ ತೊಳೆದ ನೀರನ್ನು ಅದಕ್ಕೆ ಎತ್ತಿಡುವ ಬಕೆಟ್ ಮನೆಯಲ್ಲಿಲ್ಲ ಎಂಬುದೂ ಗೊತ್ತಾಗುತ್ತದೆ. ಆ ದಿನ ಬಂದ ಅಂಕಿ ನಮ್ಮ 15 ಲೀಟರಿಗಿಂತ ಹೆಚ್ಚಿದ್ದರೆ ನಿಮ್ಮ ಅಂಕಿಯನ್ನೇ ಇಟ್ಟುಕೊಂಡು ಡ್ರಮ್ಮು ಕೊಳ್ಳಿ.

ಇತಿ,
ನಿಮ್ಮ ಓದುಗರು