ಹೂವಿನ ಪ್ರವಾಸಕ್ಕೆ ದಿನ ಗೊತ್ತು ಮಾಡುವ ಮುನ್ನ

ಆತ್ಮೀಯ ಸದಸ್ಯರೇ,

ಫೆಬ್ರವರಿ ಮುಗಿಯುತ್ತ ಬಂದಂತೆ ನಮ್ಮ ಸಂಘದ ಅನೇಕ ಮನೆಗಳಲ್ಲಿ ವಸಂತದ ರಜೆಯ ಮಾತು ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದ ಬೆಟ್ಟಗಳು ಕಿತ್ತಳೆ, ಹಳದಿ, ನೇರಳೆ ಬಣ್ಣಕ್ಕೆ ತಿರುಗಿದ ಚಿತ್ರಗಳು ಫೋನಿನಿಂದ ಫೋನಿಗೆ ಹರಿದಾಡತೊಡಗಿದ ಕೂಡಲೇ ಹೋಟೆಲ್ ಕಾದಿರಿಸುವ ಅವಸರವೂ ಹುಟ್ಟುತ್ತದೆ. ಆ ಅವಸರವನ್ನು ಸ್ವಲ್ಪ ತಡೆಯಿರಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಸಂಪಾದಕೀಯವನ್ನು ಬರೆಯುತ್ತಿದ್ದೇನೆ. ಊರನ್ನೂ ತಾರೀಖನ್ನೂ ತಿಂಗಳುಗಟ್ಟಲೆ ಮೊದಲೇ ಗಟ್ಟಿ ಮಾಡಿಕೊಂಡು ಹೊರಟವರಿಗೆ ಕಾಡುಹೂಗಳು ಸಿಗುವುದು ಅದೃಷ್ಟವಿದ್ದರೆ ಮಾತ್ರ. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಮೂರು ನಾಲ್ಕು ವಾರಾಂತ್ಯಗಳನ್ನು ತೆರವಾಗಿಟ್ಟುಕೊಂಡು, ಎರಡು ಮೂರು ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಹೂ ಎಲ್ಲಿ ಅರಳಿದೆಯೆಂಬುದು ಖಚಿತವಾದ ಮೇಲೆ ಗಾಡಿ ತೆಗೆಯುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ಆ ಗಿಡಗಳ ಸ್ವಭಾವದಲ್ಲೇ ಇದೆ. ಮರುಭೂಮಿಯನ್ನು ಬಣ್ಣದಲ್ಲಿ ಮುಳುಗಿಸುವ ಹೂಗಿಡಗಳಲ್ಲಿ ಬಹುಪಾಲು ಒಂದೇ ಋತುವಿನಲ್ಲಿ ಮೊಳೆತು, ಹೂಬಿಟ್ಟು, ಬೀಜ ಚೆಲ್ಲಿ ಒಣಗಿಹೋಗುವಂಥವು. ಅವುಗಳ ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರಬಲ್ಲವು. ಎಷ್ಟೋ ಜಾತಿಯ ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿರುತ್ತವೆ. ಶರತ್ಕಾಲದಲ್ಲಿಯೋ ಚಳಿಗಾಲದ ಮೊದಲಲ್ಲಿಯೋ ನೆಲ ನೆನೆಯುವಷ್ಟು ಮಳೆ ಬಿದ್ದು ಅವನ್ನು ತೊಳೆದುಹಾಕಿದರೆ ಮಾತ್ರ ಬೀಜ ಮೊಳೆಯುತ್ತದೆ. ಮೊಳೆತ ಮೇಲೂ ಚಳಿಗಾಲದುದ್ದಕ್ಕೂ ಆಗಾಗ ಹದವಾದ ಮಳೆ ಬರುತ್ತಿರಬೇಕು, ಬಿಸಿಲು ಏಕಾಏಕಿ ಏರಬಾರದು, ಒಣಗಾಳಿ ಬೀಸಬಾರದು. ವರ್ಷಕ್ಕೆ ಸರಾಸರಿ ಸುಮಾರು 2 ಇಂಚು ಮಳೆ ಕಾಣುವ ಡೆತ್ ವ್ಯಾಲಿಯಲ್ಲಿ ಇದೆಲ್ಲವೂ ಕೂಡಿಬಂದು 'ಸೂಪರ್‌ಬ್ಲೂಮ್' ಅಂದರೆ ಅಪರೂಪದ ಹೂವಿನ ಸುಗ್ಗಿ ಎನ್ನಿಸಿಕೊಂಡ ವರ್ಷಗಳೆಂದು ಹೆಸರಾದವು 1998, 2005 ಮತ್ತು 2016. ಅಂಥ ವರ್ಷವೇ ಬರಲಿ ಎಂದು ಕಾಯಬೇಕಾದ ಅಗತ್ಯವಿಲ್ಲ. ಸಾಧಾರಣ ವರ್ಷದಲ್ಲೂ ಎಲ್ಲೋ ಒಂದು ಕಣಿವೆ, ಎಲ್ಲೋ ಒಂದು ಇಳಿಜಾರು ಚೆನ್ನಾಗಿಯೇ ಅರಳಿರುತ್ತದೆ. ಅದು ಯಾವುದೆಂದು ಮುಂಚಿತವಾಗಿ ಹೇಳಲಾಗದು, ಅಷ್ಟೆ.

ಋತುವಿನ ಮೊದಲ ಹೂಗಳು ತಗ್ಗಿನ ಬೆಚ್ಚಗಿನ ಮರುಭೂಮಿಯಲ್ಲಿ ಕಾಣಿಸಿಕೊಳ್ಳುತ್ತವೆ. ಸ್ಯಾನ್ ಡಿಯೇಗೊದ ಪೂರ್ವಕ್ಕಿರುವ ಆಂಜಾ-ಬೊರೆಗೊ ಈ ರಾಜ್ಯದ ಅತಿ ದೊಡ್ಡ ಸ್ಟೇಟ್ ಪಾರ್ಕ್. ಮಳೆ ಅನುಕೂಲವಾಗಿದ್ದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ತಿಂಗಳ ನಡುವಿನವರೆಗೆ ಅಲ್ಲಿ ಮರಳಿನ ಮೇಲೆ ಸ್ಯಾಂಡ್ ವರ್ಬೀನಾದ ನೇರಳೆ ಹಾಸು, ಅದರ ನಡುವೆ ಬಿಳಿಯ ದೊಡ್ಡ ಪ್ರಿಮ್‌ರೋಸ್ ಹೂಗಳು, ಅಂಚಿನಲ್ಲಿ ಮರುಭೂಮಿಯ ಸೂರ್ಯಕಾಂತಿಯ ಹಳದಿ ಒಟ್ಟೊಟ್ಟಿಗೆ ಕಾಣಸಿಗುತ್ತವೆ. ಆದರೆ ಒಳ್ಳೆಯ ವರ್ಷದಲ್ಲಿ ಹೂವಿನ ಜತೆಗೆ ಸ್ಫಿಂಕ್ಸ್ ಪತಂಗದ ಕಂಬಳಿಹುಳುಗಳೂ ಲೆಕ್ಕವಿಲ್ಲದಷ್ಟು ಹುಟ್ಟಿ, ಹೂವಿನ ಬಯಲುಗಳನ್ನು ಕೆಲವೇ ದಿನಗಳಲ್ಲಿ ಮೇದು ಮುಗಿಸುವುದುಂಟು. ದಕ್ಷಿಣ ಅಮೆರಿಕದಿಂದ ಉತ್ತರಕ್ಕೆ ಮರಳುವ ಸ್ವೇನ್ಸನ್ ಗಿಡುಗಗಳು ಆ ಹುಳುಗಳನ್ನು ತಿನ್ನಲು ಬೊರೆಗೊ ಸ್ಪ್ರಿಂಗ್ಸ್ ಸುತ್ತಮುತ್ತ ಇಳಿಯುತ್ತವೆ. ಹೂ ಕಡಿಮೆಯಾಗಿದ್ದ ದಿನವೂ ಬೆಳಗ್ಗೆ ಆಕಾಶದತ್ತ ಕಣ್ಣು ಹಾಯಿಸಿದವರಿಗೆ ಅಲ್ಲಿ ನೋಡಲು ಏನಾದರೂ ಇದ್ದೇ ಇರುತ್ತದೆ.

ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಮಾತ್ರ ಕಿತ್ತಳೆ ಬಣ್ಣದ ಕ್ಯಾಲಿಫೋರ್ನಿಯಾ ಪಾಪ್ಪಿ. 1903ರಿಂದ ಈ ರಾಜ್ಯದ ಅಧಿಕೃತ ಹೂವಾಗಿರುವ ಇದನ್ನು ನೋಡಲು ಲಾಸ್ ಏಂಜಲೀಸ್‌ನ ಉತ್ತರಕ್ಕೆ, ಲ್ಯಾಂಕಾಸ್ಟರ್‌ನ ಪಶ್ಚಿಮದಲ್ಲಿರುವ ಆಂಟಲೋಪ್ ವ್ಯಾಲಿಯ ಪಾಪ್ಪಿ ರಿಸರ್ವ್‌ಗೆ ಜನ ಹೋಗುತ್ತಾರೆ. ಸುಮಾರು 8 ಮೈಲು ಕಾಲುದಾರಿಗಳಿರುವ ಈ ಜಾಗದಲ್ಲಿ ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯೊಳಗೆ ಹೂ ಬರುವುದು ವಾಡಿಕೆ. ಮಳೆ ಹೆಚ್ಚಾದಷ್ಟೂ ಹೂ ಹೆಚ್ಚು ಎಂದು ಭಾವಿಸುವಂತಿಲ್ಲ. ಅತಿಯಾದ ಮಳೆಯ ವರ್ಷದಲ್ಲಿ ಹೊರಗಿನಿಂದ ಬಂದು ನೆಲೆಯೂರಿದ ಹುಲ್ಲುಗಳು ಎತ್ತರವಾಗಿ ಬೆಳೆದು ಪಾಪ್ಪಿಯನ್ನು ಮರೆಮಾಡಿಬಿಡುತ್ತವೆ.

ಪಾಪ್ಪಿಯನ್ನು ಬೆಟ್ಟದಗಲದ ಬಣ್ಣವಾಗಿ ನೋಡಿ ಹಿಂದಿರುಗುವುದರ ಬದಲು ಕಾಲುದಾರಿಯ ಅಂಚಿನಲ್ಲಿ ಕುಳಿತು ಒಂದೇ ಒಂದು ಹೂವನ್ನು ಗಮನಿಸಿ ನೋಡಬೇಕೆಂದು ಮಕ್ಕಳಿರುವ ಮನೆಯವರಿಗೆ ವಿಶೇಷವಾಗಿ ಹೇಳುತ್ತೇನೆ. ಮೊಗ್ಗಿನ ತಲೆಯ ಮೇಲೆ ಚೂಪಾದ ಹಸಿರು ಕುಲಾವಿಯೊಂದಿರುತ್ತದೆ. ಹೂ ಅರಳುವಾಗ ಅದು ಇಡಿಯಾಗಿ ಕಳಚಿ ಬಿದ್ದು, ಒಂದನ್ನೊಂದು ಸುತ್ತಿಕೊಂಡಿದ್ದ ನಾಲ್ಕು ದಳಗಳು ಬಿಚ್ಚಿಕೊಳ್ಳುತ್ತವೆ. ದಳಗಳ ಕೆಳಗೆ ನಸುಗೆಂಪಿನ ತೆಳುವಾದ ಅಂಚೊಂದು ಬಳೆಯಂತೆ ಹೊರಚಾಚಿರುತ್ತದೆ. ದಳಗಳು ಉದುರಿದ ಮೇಲೂ ಅದು ಉಳಿದು, ಅದರ ನಡುವಿನಿಂದ ಉದ್ದನೆಯ ಕಾಯಿ ಬೆಳೆಯುತ್ತದೆ. ಒಣಗಿದ ಕಾಯಿ ಬುಡದಿಂದ ಪಟ್ಟನೆ ಸಿಡಿದು ಬೀಜಗಳನ್ನು ದೂರಕ್ಕೆ ಎರಚುತ್ತದೆ. ಒಂದೇ ಗಿಡದಲ್ಲಿ ಮೊಗ್ಗು, ಹೂ, ಕಾಯಿ ಮೂರೂ ಒಟ್ಟಿಗೆ ಕಾಣುವುದು ಅಪರೂಪವೇನಲ್ಲ.

ಈ ಹೂವಿನ ಇನ್ನೊಂದು ಗುಣವನ್ನು ಯೋಜನೆಯಲ್ಲಿ ಸೇರಿಸಿಕೊಳ್ಳದಿದ್ದರೆ ದೂರದಿಂದ ಬಂದದ್ದು ವ್ಯರ್ಥವಾಗುತ್ತದೆ. ರಾತ್ರಿ, ಚಳಿ, ಮೋಡ, ಗಾಳಿ ಇವುಗಳಲ್ಲಿ ಯಾವುದಿದ್ದರೂ ಪಾಪ್ಪಿ ದಳಗಳನ್ನು ಮುಚ್ಚಿಕೊಳ್ಳುತ್ತದೆ. ಜನಸಂದಣಿ ತಪ್ಪಿಸಲೆಂದು ಮುಂಜಾನೆ ಏಳಕ್ಕೇ ತಲುಪಿದವರು ಮುಚ್ಚಿದ ಹೂಗಳನ್ನು ನೋಡಬೇಕಾಗುತ್ತದೆ. ಮಧ್ಯಾಹ್ನ ಕಳೆದು ಬಂದವರು ಆ ಕಣಿವೆಯ ಜೋರುಗಾಳಿಗೆ ಸಿಕ್ಕಿಕೊಳ್ಳುತ್ತಾರೆ. ಬಿಸಿಲೇರಿದ ಬೆಳಗಿನ ಹತ್ತರಿಂದ ಮಧ್ಯಾಹ್ನದವರೆಗಿನ ಹೊತ್ತು ಒಳ್ಳೆಯದು. ಹೊರಡುವ ಹಿಂದಿನ ದಿನ ತಾಪಮಾನವನ್ನಷ್ಟೇ ನೋಡದೆ ಗಾಳಿಯ ವೇಗದ ಮುನ್ಸೂಚನೆಯನ್ನೂ ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯ ಕರೀಜೊ ಪ್ಲೇನ್. 2001ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾದ ಈ ವಿಶಾಲ ಹುಲ್ಲುಗಾವಲಿನ ನಡುವೆ ಸೋಡಾ ಲೇಕ್ ಎಂಬ ಉಪ್ಪಿನ ಸರೋವರವಿದೆ, ಪೂರ್ವದಲ್ಲಿ ಟೆಂಬ್ಲರ್ ಬೆಟ್ಟಸಾಲಿದೆ, ಆ ಬೆಟ್ಟಗಳ ಬುಡದುದ್ದಕ್ಕೂ ಸ್ಯಾನ್ ಆಂಡ್ರಿಯಸ್ ಎಂಬ ಭೂಕಂಪದ ಬಿರುಕು ನೆಲದ ಮೇಲೆಯೇ ಗೆರೆ ಎಳೆದ ಹಾಗೆ ಕಾಣುತ್ತದೆ. ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರಗಳಲ್ಲಿ ಬಯಲನ್ನು ಗೋಲ್ಡ್‌ಫೀಲ್ಡ್ಸ್ ಹಾಗೂ ಟೈಡಿಟಿಪ್ಸ್ ಹೂಗಳ ಹಳದಿ ತುಂಬಿದರೆ, ಇಳಿಜಾರುಗಳಲ್ಲಿ ಫಸೀಲಿಯಾದ ನೇರಳೆ ಪಟ್ಟಿಗಳು ಹಬ್ಬುತ್ತವೆ. 2023ರಲ್ಲಿ ಇಲ್ಲಿನ ಬಣ್ಣ ಉಪಗ್ರಹಗಳು ತೆಗೆದ ಚಿತ್ರಗಳಲ್ಲೂ ಕಾಣಿಸಿತ್ತು. ಆದರೆ ಈ ಬಯಲಿನೊಳಗೆ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ, ಕುಡಿಯುವ ನೀರು ಸಿಗುತ್ತದೆಂದು ನಂಬಿಕೊಳ್ಳುವಂತಿಲ್ಲ, ಫೋನಿನ ಸಿಗ್ನಲ್ ಬಹಳ ಕಡೆ ಸಿಗುವುದಿಲ್ಲ. ಕಚ್ಚಾ ರಸ್ತೆಗಳು ಮಳೆ ಬಂದ ಮೇಲೆ ಅಂಟುಮಣ್ಣಾಗಿ, ನಾಲ್ಕು ಚಕ್ರಕ್ಕೂ ಬಲವಿರುವ ಗಾಡಿಯನ್ನು ಕೂಡ ಹಿಡಿದು ನಿಲ್ಲಿಸುತ್ತವೆ. ಹೆದ್ದಾರಿ ಬಿಡುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ, ಹಿಂದಿನ ವಾರ ಮಳೆ ಬಂದಿದ್ದರೆ ಡಾಂಬರು ರಸ್ತೆಯನ್ನು ಬಿಟ್ಟು ಇಳಿಯಬೇಡಿ.

ಉತ್ತರದಲ್ಲಿರುವವರು ಇಷ್ಟು ದೂರ ಬರಬೇಕಾಗಿಲ್ಲ. ಓರೊವಿಲ್ ಪಕ್ಕದ ನಾರ್ತ್ ಟೇಬಲ್ ಮೌಂಟನ್ ಹಳೆಯ ಲಾವಾ ಬಂಡೆಯ ಚಪ್ಪಟೆ ಬೆಟ್ಟ. ಮಾರ್ಚ್-ಏಪ್ರಿಲ್‌ನಲ್ಲಿ ಅಲ್ಲಿ ಹೂಗಳ ಜತೆಗೆ ಜಲಪಾತಗಳೂ ಸಿಗುತ್ತವೆ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಲ್ಯಾಂಡ್ಸ್ ಪಾಸ್ ಬೇಕಾಗುವುದರಿಂದ ಅದನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಕೊಂಡುಕೊಂಡು ಹೋಗುವುದು ಅನುಕೂಲ.

ಹಾಗಾದರೆ ಎಲ್ಲಿ ಅರಳಿದೆ ಎಂದು ತಿಳಿಯುವುದು ಹೇಗೆ? ಕ್ಯಾಲಿಫೋರ್ನಿಯಾದ ಸ್ಥಳೀಯ ಗಿಡಗಳಿಗಾಗಿ ದುಡಿಯುವ ಥಿಯೊಡೋರ್ ಪೇನ್ ಫೌಂಡೇಶನ್ 1983ರಿಂದ ವೈಲ್ಡ್‌ಫ್ಲವರ್ ಹಾಟ್‌ಲೈನ್ ಎಂಬ ದೂರವಾಣಿ ಸೇವೆ ನಡೆಸುತ್ತಿದ್ದು, ಮಾರ್ಚ್‌ನಿಂದ ಮೇವರೆಗೆ ದಕ್ಷಿಣ ಮತ್ತು ಮಧ್ಯ ಕ್ಯಾಲಿಫೋರ್ನಿಯಾದ ಸ್ಥಿತಿಯನ್ನು ಪ್ರತಿ ಶುಕ್ರವಾರ ಹೊಸದಾಗಿ ತಿಳಿಸುತ್ತದೆ. ವಾರಾಂತ್ಯದ ನಿರ್ಧಾರಕ್ಕೆ ಇದಕ್ಕಿಂತ ಅನುಕೂಲವಾದ ದಿನ ಬೇರೆಯಿಲ್ಲ. ಪಾಪ್ಪಿ ರಿಸರ್ವ್‌ನಲ್ಲಿ ನೇರಪ್ರಸಾರದ ಕ್ಯಾಮೆರಾ ಇದೆ. ಸಾಮಾಜಿಕ ಜಾಲತಾಣಗಳ ಚಿತ್ರಗಳನ್ನು ನಂಬುವ ಮೊದಲು ಅವು ಯಾವ ವರ್ಷದವೆಂದು ನೋಡಿ. ಹಳೆಯ ಚಿತ್ರಗಳು ಪ್ರತಿ ಮಾರ್ಚ್‌ನಲ್ಲೂ ಹೊಸದಾಗಿ ತಿರುಗುತ್ತಿರುತ್ತವೆ. ನಮ್ಮ ಯುಗಾದಿ ಕಾರ್ಯಕ್ರಮವೂ ಇದೇ ಅವಧಿಯಲ್ಲಿ ಬರುವುದರಿಂದ, ಆ ವಾರಾಂತ್ಯವನ್ನು ಬಿಟ್ಟು ಉಳಿದವನ್ನು ಈಗಲೇ ಗುರುತು ಹಾಕಿಕೊಂಡು, ರದ್ದು ಮಾಡಿದರೆ ಹಣ ವಾಪಸು ಕೊಡುವ ಕಡೆ ಮಾತ್ರ ಕೋಣೆ ಕಾದಿರಿಸಿ.

ನಡವಳಿಕೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. 2019ರಲ್ಲಿ ಲೇಕ್ ಎಲ್ಸಿನೋರ್ ಬಳಿಯ ವಾಕರ್ ಕ್ಯಾನ್ಯನ್‌ಗೆ ಜನ ಎಷ್ಟು ಮುಗಿಬಿದ್ದರೆಂದರೆ ಹೆದ್ದಾರಿಯೇ ಕಟ್ಟಿಕೊಂಡಿತು, ಹೂವಿನ ನಡುವೆ ಹೊಸ ಹೊಸ ಕಾಲುದಾರಿಗಳು ಬಿದ್ದವು. 2023ರಲ್ಲಿ ಮತ್ತೆ ಹೂ ಬಂದಾಗ ಆಡಳಿತದವರು ಆ ಕಣಿವೆಗೆ ಪ್ರವೇಶವನ್ನೇ ನಿಷೇಧಿಸಿದರು. ಫೋಟೊಗಾಗಿ ಹೂವಿನ ನಡುವೆ ಕುಳಿತವರು ತುಳಿಯುವುದು ಆ ದಿನದ ಹೂವನ್ನು ಮಾತ್ರವಲ್ಲ, ಅದು ಮುಂದಿನ ವರ್ಷಗಳಿಗಾಗಿ ಚೆಲ್ಲಬೇಕಾಗಿದ್ದ ಬೀಜವನ್ನೂ ಹೌದು. ಒತ್ತಿ ಗಟ್ಟಿಯಾದ ಮಣ್ಣಿನಲ್ಲಿ ಹೊಸ ಮೊಳಕೆ ಸುಲಭವಾಗಿ ಬೇರೂರುವುದಿಲ್ಲ. ಒಬ್ಬರು ಇಳಿದ ಗುರುತು ಕಂಡರೆ ಹಿಂದೆ ಬಂದವರೂ ಅದೇ ದಾರಿ ಎಂದುಕೊಂಡು ಇಳಿಯುತ್ತಾರೆ. ಸಾರ್ವಜನಿಕ ಜಮೀನಿನಲ್ಲಾಗಲಿ ಇನ್ನೊಬ್ಬರ ಜಮೀನಿನಲ್ಲಾಗಲಿ ಅನುಮತಿಯಿಲ್ಲದೆ ಗಿಡ ಕೀಳುವುದು ರಾಜ್ಯದ ದಂಡಸಂಹಿತೆಯ 384ಎ ಕಲಮಿನ ಪ್ರಕಾರ ಅಪರಾಧ. ಪಾಪ್ಪಿ ರಿಸರ್ವ್‌ನೊಳಗೆ ನಾಯಿಗಳಿಗೂ ಡ್ರೋನ್‌ಗಳಿಗೂ ಪ್ರವೇಶವಿಲ್ಲ. ಬಿಸಿಲಿಗೆ ಮೈಯೊಡ್ಡಲು ರ‍್ಯಾಟಲ್ ಹಾವುಗಳು ಹೊರಬರುವುದೂ ಇದೇ ದಿನಗಳಲ್ಲಿ ಆದ್ದರಿಂದ ಚಿಕ್ಕಮಕ್ಕಳನ್ನು ದಾರಿಯ ಮೇಲೆಯೇ ನಡೆಸುವುದು ಅವರ ಸುರಕ್ಷತೆಗೂ ಅಗತ್ಯ.

ಶಾಲೆಯ ಪರೀಕ್ಷೆಯೋ ಕಚೇರಿಯ ಕೆಲಸವೋ ಅಡ್ಡಬಂದು ಮಾರ್ಚ್, ಏಪ್ರಿಲ್ ಎರಡೂ ಕೈತಪ್ಪಿದರೆ ಈ ವರ್ಷದ ಹೂ ಮುಗಿಯಿತೆಂದುಕೊಳ್ಳಬೇಡಿ. ಬೇಸಿಗೆ ಏರಿದಂತೆ ಹೂವೂ ಎತ್ತರಕ್ಕೆ ಏರುತ್ತ ಹೋಗುತ್ತದೆ. ಡೆತ್ ವ್ಯಾಲಿಯ ತಗ್ಗಿನಲ್ಲಿ ಏಪ್ರಿಲ್ ನಡುವಿಗೆ ಮುಗಿಯುವ ಋತು ಅಲ್ಲಿನ ಮೇಲಿನ ಇಳಿಜಾರುಗಳಲ್ಲಿ ಮೇವರೆಗೂ, 5,000 ಅಡಿಗಿಂತ ಮೇಲಿನ ಬೆಟ್ಟಗಳಲ್ಲಿ ಜುಲೈವರೆಗೂ ನಡೆಯುತ್ತದೆ. ಸಿಯೆರಾ ನೆವಾಡದ ಎತ್ತರದ ಹುಲ್ಲುಗಾವಲುಗಳಲ್ಲಿ ಹಿಮ ಕರಗಿದ ಮೇಲೆ, ಅಂದರೆ ಶಾಲೆಗಳಿಗೆ ಬೇಸಿಗೆ ರಜೆ ಬಂದ ಮೇಲೆಯೇ, ಲೂಪಿನ್ ಮತ್ತು ಪೇಂಟ್‌ಬ್ರಷ್ ಹೂಗಳು ಅರಳುತ್ತವೆ.