ಸಲಿಂಗ ಪ್ರೇಮದ ಐತಿಹಾಸಿಕ ಕಾದಂಬರಿಗಳ ಕಪಾಟಿನಲ್ಲಿ ಬದಲಾವಣೆ: ಸದಸ್ಯರಿಗೆ ಪತ್ರ

ಆತ್ಮೀಯ ಸದಸ್ಯರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಹಕಾರಿ ಗ್ರಂಥಾಲಯದ ಒಂದು ಕಪಾಟಿನ ಜೋಡಣೆ ಪೂರ್ತಿ ಬದಲಾಗುತ್ತದೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಐತಿಹಾಸಿಕ ಪತ್ತೇದಾರಿ ಮತ್ತು ಪ್ರಣಯ ಕಾದಂಬರಿಗಳನ್ನು ಈವರೆಗೆ ಲೇಖಕರ ಹೆಸರಿನ ಮೊದಲ ಅಕ್ಷರ ನೋಡಿ ಇಡುತ್ತಿದ್ದೆವು. ಇನ್ನು ಮುಂದೆ ಕಥೆ ನಡೆಯುವ ಇಸವಿ ನೋಡಿ ಇಡುತ್ತೇವೆ. ಪುಸ್ತಕ ಅಚ್ಚಾದ ಇಸವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಾರಣ ಹೇಳಬೇಕು. ಈ ಕಪಾಟಿನ ಬಹುಪಾಲು ಕಥೆಗಳು ನಡೆಯುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಪಾತ್ರಗಳ ತಲೆಯ ಮೇಲೆ ತೂಗುವುದು ಕಾನೂನು, ಆ ಕಾನೂನು ಕಾಲಕಾಲಕ್ಕೆ ಬದಲಾಗಿದೆ. ಇಸವಿ ಗೊತ್ತಿಲ್ಲದೆ ಓದಲು ಕೂತವರಿಗೆ ‘ಇವನು ಇಷ್ಟಕ್ಕೆಲ್ಲ ಯಾಕೆ ಹೆದರ್ತಾನೆ? ನೇರ ಪೊಲೀಸರ ಹತ್ತಿರ ಹೋಗಬಾರದಾ?’ ಅನ್ನಿಸುತ್ತದೆ. ಕಥೆ ಪೊಳ್ಳೆನಿಸಿ ಪುಸ್ತಕ ಅರ್ಧಕ್ಕೇ ವಾಪಸು ಬರುತ್ತದೆ. ಇಸವಿ ತಿಳಿದಿದ್ದರೆ ಅದೇ ಭಯ ಮೊದಲ ಅಧ್ಯಾಯದಿಂದಲೇ ಓದುಗರನ್ನೂ ಹಿಡಿಯುತ್ತದೆ.

ಪುಸ್ತಕದ ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸುತ್ತಿದ್ದೇವೆ. ಕೆಂಪು ಪಟ್ಟಿ ಎಂದರೆ 1861ಕ್ಕೆ ಮುಂಚಿನ ಕಥೆ. ಎಂಟನೇ ಹೆನ್ರಿಯ ಕಾಲದ 1533ರ ಕಾಯ್ದೆಯಿಂದ ಶುರುವಾಗಿ, ನಡುವಿನ ಕೆಲವು ವರ್ಷ ಬಿಟ್ಟರೆ, 1861ರವರೆಗೆ ಗಂಡಸರ ನಡುವಿನ ಸಂಭೋಗಕ್ಕೆ ಗಲ್ಲು ಶಿಕ್ಷೆ ಇತ್ತು. 1726ರಲ್ಲಿ ಲಂಡನ್ನಿನಲ್ಲಿ ಇಂಥವರು ಸೇರುತ್ತಿದ್ದ ಮನೆಯೊಂದರ ಮೇಲೆ ದಾಳಿ ನಡೆದು, ಮೂವರನ್ನು ಟೈಬರ್ನ್ ಎಂಬ ವಧಾಸ್ಥಾನದಲ್ಲಿ ನೇಣಿಗೇರಿಸಿದರು. ಈ ಅಪರಾಧಕ್ಕೆ ಕೊನೆಯ ಗಲ್ಲು ಆದದ್ದು 1835ರ ನವೆಂಬರ್ 27ರಂದು, ನ್ಯೂಗೇಟ್ ಸೆರೆಮನೆಯ ಹೊರಗೆ. ಜೇಮ್ಸ್ ಪ್ರಾಟ್ ಮತ್ತು ಜಾನ್ ಸ್ಮಿತ್ ಎಂಬಿಬ್ಬರನ್ನು ನೇಣಿಗೆ ಕಳಿಸಿದ ಸಾಕ್ಷ್ಯ, ಮನೆ ಮಾಲೀಕ ಬೀಗದ ಕಿಂಡಿಯಿಂದ ಇಣುಕಿ ಕಂಡದ್ದು. ಕೆಂಪು ಪಟ್ಟಿಯ ಕಾದಂಬರಿಯಲ್ಲಿ ನಾಯಕ ಕೋಣೆ ಹೊಕ್ಕೊಡನೆ ಕೀಲಿಯನ್ನು ಬೀಗದಲ್ಲೇ ಬಿಟ್ಟರೆ, ಕೋಟನ್ನು ಬಾಗಿಲ ಹಿಡಿಗೆ ತೂಗುಹಾಕಿದರೆ, ಆ ಸಾಲನ್ನು ಹಾರಿಸಬೇಡಿ. ಅಲ್ಲಿ ಜೀವ ಉಳಿಸಿಕೊಳ್ಳುವ ಲೆಕ್ಕಾಚಾರವಿದೆ.

ಕಿತ್ತಳೆ ಪಟ್ಟಿ 1861ರಿಂದ 1885. ಗಲ್ಲು ಹೋಗಿ, ಕನಿಷ್ಠ ಹತ್ತು ವರ್ಷದಿಂದ ಜೀವಾವಧಿಯವರೆಗಿನ ಸೆರೆ ಬಂತು. ಈ ಪಟ್ಟಿಯ ಪುಸ್ತಕಗಳು ನಮ್ಮಲ್ಲಿ ಕಡಿಮೆ.

ಹಳದಿ ಪಟ್ಟಿಯದೇ ದೊಡ್ಡ ಭಾಗ: 1885ರಿಂದ 1967. ಪತ್ತೇದಾರಿ ಪ್ರಿಯರು ಇಲ್ಲಿಂದ ಶುರು ಮಾಡಲಿ ಎಂಬುದು ನಮ್ಮ ಸಲಹೆ. 1885ರ ಕಾಯ್ದೆಯ 11ನೇ ಕಲಮಿನ ಪ್ರಕಾರ ಇಬ್ಬರು ಗಂಡಸರ ನಡುವಿನ ಯಾವುದೇ ‘ಘೋರ ಅಸಭ್ಯತೆ’ಗೆ, ಅದು ಮುಚ್ಚಿದ ಬಾಗಿಲ ಹಿಂದೆ ನಡೆದಿದ್ದರೂ, ಎರಡು ವರ್ಷದವರೆಗೆ ಸೆರೆ. ಸಂಭೋಗಕ್ಕೆ 1861ರ ಶಿಕ್ಷೆ ಹಾಗೆಯೇ ಉಳಿಯಿತು. ಈ ಹೊಸ ಅಪರಾಧಕ್ಕೆ ಸೆರೆ ಕಡಿಮೆ, ಆದರೆ ಇದನ್ನು ರುಜುವಾತು ಮಾಡುವುದು ಬಹಳ ಸುಲಭ. ಒಂದು ಕಾಗದ, ಒಬ್ಬ ಆಳಿನ ಹೇಳಿಕೆ, ಇಷ್ಟಿದ್ದರೂ ಹೆದರಿಸಲು ಸಾಕು. ಬ್ಲ್ಯಾಕ್‌ಮೇಲ್ ಮಾಡುವವರಿಗೆ ಕೊಟ್ಟ ಪರವಾನಗಿ ಎಂದೇ ಈ ಕಲಮು ಕುಖ್ಯಾತವಾಯಿತು. 1895ರಲ್ಲಿ ನಾಟಕಕಾರ ಆಸ್ಕರ್ ವೈಲ್ಡ್‌ಗೆ ಎರಡು ವರ್ಷದ ಕಠಿಣ ಸಜೆಯಾದದ್ದು ಇದರ ಅಡಿಯಲ್ಲೇ. ಅವರು ಬರೆದ ಪತ್ರಗಳನ್ನು ನ್ಯಾಯಾಲಯದಲ್ಲಿ ಓದಿದ್ದರು. ಹಾಗಾಗಿ ಹಳದಿ ಪಟ್ಟಿಯ ಎಷ್ಟೋ ಕಥೆಗಳು ಕಳುವಾದ ಪತ್ರದಿಂದ ಆರಂಭವಾಗುತ್ತವೆ. ಕೊಲೆಗಿಂತ ಮೊದಲು ಆ ಪತ್ರ ಈಗ ಯಾರ ಬಳಿ ಇದೆ ಎಂದು ಹುಡುಕಿಕೊಂಡು ಓದಿ.

ಈ ಕಥೆಗಳಲ್ಲಿ ಪದೇಪದೇ ಬರುವ ಇನ್ನೊಂದು ಗಂಟು, ಹೇಳಲಾಗದ ಸಾಕ್ಷಿ. ಕೊಲೆಯಾದ ರಾತ್ರಿ ತಾನು ಎಲ್ಲಿದ್ದೆ ಎಂದು ಹೇಳಿದರೆ ನಾಯಕ ಕೊಲೆ ಆರೋಪದಿಂದ ಪಾರಾಗುತ್ತಾನೆ, ಆದರೆ 11ನೇ ಕಲಮಿಗೆ ಸಿಕ್ಕಿಬೀಳುತ್ತಾನೆ, ಜೊತೆಗಿದ್ದವನನ್ನೂ ಸಿಕ್ಕಿಸುತ್ತಾನೆ. ಬೇರೆ ಪತ್ತೇದಾರಿ ಕಥೆಗಳಲ್ಲಿ ಸುಳ್ಳು ಹೇಳುವವನ ಮೇಲೆ ಗುಮಾನಿ ಪಡುವುದು ಸರಿ. ಇಲ್ಲಿ ಸುಳ್ಳು ಹೇಳದವರೇ ಇಲ್ಲ. ಯಾರ ಸುಳ್ಳು ಪ್ರೀತಿ ಮುಚ್ಚಲು, ಯಾರದು ರಕ್ತ ಮುಚ್ಚಲು ಎಂದು ಬಿಡಿಸುವುದೇ ಓದಿನ ಸುಖ. ಇನ್ನು, ಪೊಲೀಸರು ಬೇರೇನೋ ಹುಡುಕುತ್ತಾ ಬಂದು ಇದನ್ನು ಪತ್ತೆಹಚ್ಚುವುದು ಲೇಖಕರ ಸುಲಭೋಪಾಯವೆಂದು ಎಣಿಸಬೇಡಿ. ಲಂಡನ್ನಿನ ಕ್ಲೀವ್‌ಲ್ಯಾಂಡ್ ಬೀದಿಯಲ್ಲಿ ಗಂಡಸರಿಗೆ ಗಂಡಸರನ್ನೇ ಒದಗಿಸುತ್ತಿದ್ದ ವೇಶ್ಯಾಗೃಹದ 1889ರ ಪ್ರಕರಣ ಹೊರಬಿದ್ದದ್ದೇ ತಂತಿ ಕಚೇರಿಯಲ್ಲಾದ ಕಳವಿನ ವಿಚಾರಣೆಯಿಂದ. ತಂತಿ ಹಂಚುವ ಹುಡುಗನೊಬ್ಬನ ಜೇಬಿನಲ್ಲಿ ಅವನ ಸಂಬಳಕ್ಕೆ ಮೀರಿದ ದುಡ್ಡಿತ್ತು.

ಅಪಾಯ ಬಂದೊಡನೆ ಪಾತ್ರಗಳು ಹಡಗು ಹತ್ತಿ ಫ್ರಾನ್ಸಿಗೆ ಓಡುತ್ತವಲ್ಲ, ಅದಕ್ಕೂ ಕಾರಣವಿದೆ. ಫ್ರಾನ್ಸ್ 1791ರಲ್ಲೇ ಇದನ್ನು ಅಪರಾಧಗಳ ಪಟ್ಟಿಯಿಂದ ತೆಗೆದಿತ್ತು. ಭಾರತಕ್ಕೆ ಓಡಿ ಬಂದವನಿಗೆ ಆ ನೆಮ್ಮದಿ ಇಲ್ಲ. 1860ರಲ್ಲಿ ಅಂಗೀಕರಿಸಿ 1862ರಲ್ಲಿ ಜಾರಿಗೆ ತಂದ ನಮ್ಮ ಅಂದಿನ ದಂಡ ಸಂಹಿತೆಯ 377ನೇ ಕಲಮು ಅವನಿಗಾಗಿ ಇಲ್ಲೂ ಕಾದಿರುತ್ತಿತ್ತು. ವಯಸ್ಕರ ಒಪ್ಪಿತ ಸಂಬಂಧವನ್ನು ಸುಪ್ರೀಂ ಕೋರ್ಟು ಅದರ ಹಿಡಿತದಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಈ ಒಂದು ಎಳೆಯಿಂದಾಗಿ ದೂರದ ಲಂಡನ್ನಿನ ಕಥೆ ನಮಗೂ ಹತ್ತಿರದ್ದಾಗುತ್ತದೆ.

1967ರ ನಂತರದ ಕಥೆಗಳಿಗೆ ನೀಲಿ ಪಟ್ಟಿ. ಒಂದು ಎಚ್ಚರಿಕೆ: ಆ ವರ್ಷ ಗಂಡಸರಿಗೆ ಈ ಶಿಕ್ಷೆಯಿಂದ ಬಿಡುಗಡೆ ಸಿಕ್ಕಿದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, 21 ತುಂಬಿದವರಿಗೆ, ಖಾಸಗಿಯಾಗಿ ಮಾತ್ರ. ಸ್ಕಾಟ್ಲೆಂಡ್ 1980ರವರೆಗೆ, ಉತ್ತರ ಐರ್ಲೆಂಡ್ 1982ರವರೆಗೆ ಕಾಯಬೇಕಾಯಿತು.

ಹೆಣ್ಣು-ಹೆಣ್ಣಿನ ಕಥೆಗಳಿಗೆ ಈ ಪಟ್ಟಿಗಳ ಜೊತೆ ಒಂದು ಹಸಿರು ಚುಕ್ಕೆ ಇರುತ್ತದೆ. ಅವುಗಳನ್ನು ಓದುವ ಬಗೆಯೇ ಬೇರೆ. ಹೆಂಗಸರ ನಡುವಿನ ಸಂಬಂಧ ಇಂಗ್ಲೆಂಡಿನಲ್ಲಿ ಅಪರಾಧವಾಗಿರಲಿಲ್ಲ. 1921ರಲ್ಲಿ ಹಾಗೆ ಮಾಡಹೊರಟ ಪ್ರಸ್ತಾಪವನ್ನು ಮೇಲ್ಮನೆ ತಿರಸ್ಕರಿಸಿತು. ಇಲ್ಲಿ ಅಪಾಯ ಬರುವುದು ಆಸ್ತಿಯ ದಾರಿಯಿಂದ. 1882ರ ಕಾಯ್ದೆಗೆ ಮುಂಚೆ ಮದುವೆಯಾದ ಹೆಣ್ಣಿನ ಸ್ವತ್ತು ಹೆಚ್ಚುಕಡಿಮೆ ಗಂಡನ ಪಾಲು. ಹಾಗಾಗಿ ಶ್ರೀಮಂತ ಹುಡುಗಿಗೆ ಬಲವಂತದ ಮದುವೆ, ಇಲ್ಲವೇ ಹುಚ್ಚಾಸ್ಪತ್ರೆ. ಇಲ್ಲಿ ಸುಳಿವು ಸಿಗುವುದು ಉಯಿಲಿನಲ್ಲಿ, ಮನೆಖರ್ಚಿನ ಪುಸ್ತಕದಲ್ಲಿ, ದಿನಚರಿಯಲ್ಲಿ. ಗುಪ್ತಲಿಪಿಯ ದಿನಚರಿ ಕಂಡರೆ ಅದು ಬರೀ ಕಲ್ಪನೆಯಲ್ಲ. ಹ್ಯಾಲಿಫ್ಯಾಕ್ಸ್ ಬಳಿಯ ಶಿಬ್ಡೆನ್ ಹಾಲ್‌ನ ಆ್ಯನ್ ಲಿಸ್ಟರ್ (1791–1840) ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆಗಳನ್ನು ಬೆರೆಸಿ ಹಾಗೆಯೇ ಬರೆದಿಟ್ಟರು. 1834ರ ಈಸ್ಟರ್ ದಿನ ಯಾರ್ಕ್‌ನ ಚರ್ಚೊಂದರಲ್ಲಿ ಆ್ಯನ್ ವಾಕರ್ ಜೊತೆ ಪ್ರಸಾದ ಸ್ವೀಕರಿಸಿ, ಅದನ್ನೇ ತಮ್ಮ ಮದುವೆಯೆಂದು ಭಾವಿಸಿದರು.

ಇಸವಿಯ ಲೆಕ್ಕಕ್ಕೆ ಸುಲಭವಾಗಿ ಸಿಗದ ಪುಸ್ತಕಗಳೂ ಇವೆ. ಸಾರಾ ವಾಟರ್ಸ್ ಅವರ ‘ದಿ ನೈಟ್ ವಾಚ್’ 1947ರಲ್ಲಿ ಶುರುವಾಗಿ 1944ಕ್ಕೆ, ಆಮೇಲೆ 1941ಕ್ಕೆ ಹಿಂದೆ ಸರಿಯುತ್ತದೆ. ಅದನ್ನು 1947ರಲ್ಲಿ ಇಟ್ಟಿದ್ದೇವೆ. ಕೊನೆಯ ಭಾಗವನ್ನು ಮೊದಲು ಓದಿ ಕಥೆ ‘ಸರಿ’ ಮಾಡಿಕೊಳ್ಳಬೇಡಿ, ಅದರ ನೋವೆಲ್ಲ ಇರುವುದು ಆ ಹಿಂದುಮುಂದಿನಲ್ಲೇ. ಇ. ಎಂ. ಫಾರ್ಸ್ಟರ್ 1913–14ರಲ್ಲಿ ಬರೆದ ‘ಮಾರಿಸ್’ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಇಬ್ಬರು ಗಂಡಸರ ಪ್ರೇಮಕ್ಕೆ ಸುಖಾಂತ್ಯ ಕೊಟ್ಟೇ ತೀರಬೇಕೆಂದು ಅವರು ಹಟ ಹಿಡಿದಿದ್ದರು. ಅದು ಹಳದಿಗೇ ಸೇರಿದೆ. ಅಮೆರಿಕದ ಕಥೆಗಳನ್ನು ಕೆಳಗಿನ ಅರೆಯಲ್ಲಿ ಬೇರೆ ಇಟ್ಟಿದ್ದೇವೆ, ಅಲ್ಲಿ ಆಗ ರಾಜ್ಯಕ್ಕೊಂದು ಕಾನೂನಿತ್ತು. ವಸುಧೇಂದ್ರರ ‘ಮೋಹನಸ್ವಾಮಿ’ ಕೇಳಿ ಈ ಕಪಾಟಿಗೆ ಬರುವವರಿದ್ದೀರಿ. ಅದು ಈ ಕಾಲದ ಕಥೆಗಳ ಸಂಕಲನ, ಕನ್ನಡ ಕಥಾ ವಿಭಾಗದಲ್ಲೇ ಇದೆ.

ಪ್ರತಿ ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಒಂದು ಚೀಟಿ ಇರುತ್ತದೆ. ಕಥೆಯ ಊರು ಮತ್ತು ಇಸವಿ, ಸರಣಿಯಲ್ಲಿ ಎಷ್ಟನೆಯದು, ಜೋಡಿ ಅದೇ ಮುಂದುವರಿಯುತ್ತದೋ ಬದಲಾಗುತ್ತದೋ, ಶೃಂಗಾರ ಎಷ್ಟು ಬಿಚ್ಚುಮಾತಿನದು, ಹಿಂಸೆ ಅಥವಾ ಆತ್ಮಹತ್ಯೆಯ ಪ್ರಸಂಗ ಇದೆಯೇ ಎಂಬುದು ಅದರಲ್ಲಿ. ಕೊನೆಯ ಸಾಲು ಸುಖಾಂತ್ಯದ್ದು. ಪ್ರಣಯ ಕಾದಂಬರಿಯಲ್ಲಿ ಜೋಡಿ ಕೊನೆಗೆ ಒಂದಾಗುವುದು ಆ ಪ್ರಕಾರದ ಕಟ್ಟಳೆ. ಪತ್ತೇದಾರಿಯಲ್ಲಿ ಕೊಲೆಗಾರ ಸಿಕ್ಕಿದರೆ ಸಾಕು, ಪ್ರೇಮಿಗಳ ಗತಿ ಮುಂದಿನ ಸಂಪುಟಕ್ಕೆ ಉಳಿಯಬಹುದು. ಆದ್ದರಿಂದ ಚೀಟಿಯಲ್ಲಿ ‘ಹೌದು’, ‘ಸರಣಿಯ ಕೊನೆಗೆ’, ‘ಇಲ್ಲ’ ಎಂದು ಮೂರು ಬಗೆಯಲ್ಲಿ ಗುರುತಿಸಿದ್ದೇವೆ. ಗುಟ್ಟು ಮೊದಲೇ ಬೇಡ ಎನ್ನುವವರಿಗಾಗಿ ಆ ಸಾಲನ್ನು ಮಡಚಿ ಮುಚ್ಚಿದೆ.

ಜೋಡಿ ಬದಲಾಗುವ ಸರಣಿಯನ್ನು ಎಲ್ಲಿಂದ ಬೇಕಾದರೂ ಓದಬಹುದು. ಅದೇ ಜೋಡಿಯದಾದರೆ ಒಂದನೆಯದರಿಂದಲೇ ಓದಬೇಕು, ಮೂರನೆಯದರ ಮೊದಲ ಪುಟಗಳಲ್ಲೇ ಹಿಂದಿನ ಕೊಲೆಗಾರನ ಹೆಸರು ಬಿದ್ದುಹೋಗುತ್ತದೆ. ಇಂಥ ಸರಣಿಯ ಎರಡು ಸಂಪುಟಗಳನ್ನು ಇನ್ನು ಒಟ್ಟಿಗೇ, 21 ದಿನಕ್ಕೆ ಕೊಡುತ್ತೇವೆ. ಬಿಡಿ ಪುಸ್ತಕಕ್ಕೆ ಈಗಿನಂತೆಯೇ 14 ದಿನ. ಬಾಡಿಗೆ, ಠೇವಣಿ ಬದಲಾಗಿಲ್ಲ.

ಚೀಟಿಯ ಬೆನ್ನಿಗೆ ಎರಡು ವಿಷಯ ಅಚ್ಚು ಹಾಕಿಸಿದ್ದೇವೆ. ಆ ಕಾಲದ ಇಂಗ್ಲೆಂಡಿನ ದುಡ್ಡಿನಲ್ಲಿ 12 ಪೆನ್ಸಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್, ಗಿನಿ ಎಂದರೆ 21 ಶಿಲ್ಲಿಂಗ್ ಎಂಬ ಲೆಕ್ಕ ಒಂದು. ಇನ್ನೊಂದು ಹೆಸರಿನ ಗೊಂದಲದ್ದು. ಒಬ್ಬನೇ ಮನುಷ್ಯನಿಗೆ ಮನೆತನದ ಹೆಸರು ಬೇರೆ, ಪದವಿಯ ಹೆಸರು ಬೇರೆ, ಪ್ರಿಯಕರ ಕರೆಯುವ ಹೆಸರು ಬೇರೆ ಇರುತ್ತದೆ. ‘ಸರ್’ ಅಂಟುವುದು ಮೊದಲ ಹೆಸರಿಗೆ. ಡ್ಯೂಕನ ಕಿರಿಮಗನಾದರೆ ‘ಲಾರ್ಡ್’ ಕೂಡ ಮೊದಲ ಹೆಸರಿಗೇ. ಸ್ವತಃ ಪದವಿ ಪಡೆದವನಾದರೆ ಪದವಿಯ ಹೆಸರಿಗೆ. ಪ್ರೇಮಿ ಯಾವ ಪುಟದಲ್ಲಿ ಪದವಿ ಬಿಟ್ಟು ಮೊದಲ ಹೆಸರು ಹಿಡಿಯುತ್ತಾನೆ ಎಂದು ಗಮನಿಸಿ. ಎಷ್ಟೋ ಕಥೆಗಳಲ್ಲಿ ಪ್ರೇಮನಿವೇದನೆ ಆಗುವುದು ಅಲ್ಲೇ.

ಗುಟ್ಟು ಕಾಪಾಡುವ ಏರ್ಪಾಡನ್ನೂ ಬಿಗಿ ಮಾಡಿದ್ದೇವೆ. ಎರವಲು ದಾಖಲೆಯ ಪುಸ್ತಕದಲ್ಲಿ ಸದಸ್ಯತ್ವದ ಸಂಖ್ಯೆ ಮಾತ್ರ ಇರುತ್ತದೆ, ಹೆಸರಿಲ್ಲ. ಪುಸ್ತಕ ಮರಳಿದ ದಿನವೇ ಆ ನಮೂದನ್ನು ಹೊಡೆದು ಹಾಕುತ್ತೇವೆ. ಕೇಳಿದವರಿಗೆ ಖಾಕಿ ಹೊದಿಕೆ ಹಾಕಿ ಕೊಡುತ್ತೇವೆ. ಬಣ್ಣದ ಪಟ್ಟಿ ಆಗ ಹೊದಿಕೆಯ ಒಳಗೇ ಉಳಿಯುತ್ತದೆ. ಮನೆಗೆ ತರಿಸುವವರಿಗೆ ಮುಚ್ಚಿದ ಲಕೋಟೆ, ಮೇಲೆ ಗ್ರಂಥಾಲಯದ ಹೆಸರೂ ಇರುವುದಿಲ್ಲ. ದಯವಿಟ್ಟು ಚೀಟಿಯನ್ನು ಪುಟಗುರುತಾಗಿ ಬಳಸಬೇಡಿ, ಬಸ್ಸಿನಲ್ಲಿ ಜಾರಿ ಬಿದ್ದರೆ ನೀವು ಓದುತ್ತಿರುವುದು ಏನೆಂದು ಅದೇ ಹೇಳುತ್ತದೆ.

ಜೋಡಣೆಗಾಗಿ ಈ ತಿಂಗಳ ಕೊನೆಯ ಮೂರು ದಿನ ಈ ಕಪಾಟು ಮಾತ್ರ ಮುಚ್ಚಿರುತ್ತದೆ. ಆಗ ವಾಪಸು ಕೊಡಬೇಕಿದ್ದ ಪುಸ್ತಕಗಳಿಗೆ ದಂಡವಿಲ್ಲ. ಈಗಾಗಲೇ ಕಾಯ್ದಿರಿಸಿದವರ ಸರದಿ ಹಾಗೆಯೇ ಇದೆ. ಸರಣಿಯ ನಡುವಿನ ಸಂಪುಟ ಕಾಯ್ದಿರಿಸಿದ್ದು, ಮೊದಲನೆಯದು ಬೇಕೆನಿಸಿದರೆ ನಿಮ್ಮ ಸಂಖ್ಯೆಯನ್ನು ಮೇಜಿನಲ್ಲಿ ತಿಳಿಸಿ. ಸರದಿ ತಪ್ಪದಂತೆ ಬದಲಿಸಿಕೊಡುತ್ತೇವೆ.

ಇತಿ ನಿಮ್ಮ,
ಗ್ರಂಥಾಲಯ ಸಮಿತಿ